ಷೇರ್ಡ್ ಹೋಸ್ಟಿಂಗ್: ಬ್ಯಾಂಡ್‌ವಿಡ್ತ್ ವೆಚ್ಚವನ್ನು ಹೋಲಿಸುವ ಕ್ರಮ

ಹಲವು ಗ್ರಾಹಕರ ಜಾಲತಾಣಗಳನ್ನು ಒಂದೇ ಸರ್ವರ್‌ನಲ್ಲಿ ಇರಿಸುವ ವ್ಯವಸ್ಥೆಗೆ ಷೇರ್ಡ್ ಹೋಸ್ಟಿಂಗ್ ಎಂದು ಹೆಸರು. ಮಾಸಿಕ ಶುಲ್ಕವೊಂದನ್ನೇ ನೋಡಿ ಕರಾರು ಮಾಡಿಕೊಳ್ಳುವ ವರ್ತಕರು, ಬಳಕೆ ಮಿತಿ ಮೀರಿದಾಗ ಹೆಚ್ಚುವರಿ ಬಿಲ್ಲನ್ನಾಗಲಿ, ಹಬ್ಬದ ವ್ಯಾಪಾರದ ದಿನಗಳಲ್ಲಿಯೇ ತಾಣ ಸ್ಥಗಿತಗೊಳ್ಳುವುದನ್ನಾಗಲಿ ಎದುರಿಸಬೇಕಾಗಬಹುದು. ಆದ್ದರಿಂದ ದರಪಟ್ಟಿಗಳನ್ನು ಒಂದೇ ಅಳತೆಗೆ ತಂದು ಹೋಲಿಸುವುದು ಅವಶ್ಯಕ.

ಅಳತೆಯ ಮಾನ

ಕೆಲವು ಸಂಸ್ಥೆಗಳು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ವೇಗವನ್ನೂ, ಕೆಲವು ತಿಂಗಳಿಗೆ ಇಷ್ಟು ಜಿ.ಬಿ. ಎಂದು ಒಟ್ಟು ರವಾನೆಯನ್ನೂ ನಮೂದಿಸುತ್ತವೆ. 8 ಬಿಟ್‌ಗಳು ಸೇರಿದರೆ 1 ಬೈಟ್. ಸೆಕೆಂಡಿಗೆ 1 ಮೆಗಾಬಿಟ್ ವೇಗದ ಸಂಪರ್ಕವು 30 ದಿನ ಎಡೆಬಿಡದೆ ಪೂರ್ಣವಾಗಿ ಬಳಕೆಯಾದರೆ 324 ಜಿ.ಬಿ. ಆಗುತ್ತದೆ. ಆದರೆ ಗ್ರಾಹಕರು ಹಗಲು ರಾತ್ರಿ ಸಮನಾಗಿ ಬರುವುದಿಲ್ಲ. ಒಟ್ಟು ಪ್ರಮಾಣ ಸಾಕಾದರೂ ದಟ್ಟಣೆಯ ವೇಳೆಯಲ್ಲಿ ವೇಗ ಸಾಲದಿರಬಹುದು. ಎರಡನ್ನೂ ಪ್ರತ್ಯೇಕವಾಗಿ ವಿಚಾರಿಸತಕ್ಕದ್ದು.

ಒಂದು ಉದಾಹರಣೆ

ತಾಣಕ್ಕೆ ದಿನಕ್ಕೆ 500 ಮಂದಿ ಬಂದು, ತಲಾ 5 ಪುಟ ನೋಡುತ್ತಾರೆಂದೂ, ಚಿತ್ರಗಳೂ ಸೇರಿ ಪ್ರತಿ ಪುಟ 2 ಎಂ.ಬಿ. ಇದೆಯೆಂದೂ ಭಾವಿಸೋಣ. ದಿನಕ್ಕೆ 5 ಜಿ.ಬಿ., ತಿಂಗಳಿಗೆ 150 ಜಿ.ಬಿ. ಆಯಿತು. ಇನ್ನು ಎರಡು ಕಾಲ್ಪನಿಕ ದರಗಳು:

ಅ) ಮಾಸಿಕ ರೂ. 600, ಮಿತಿ 100 ಜಿ.ಬಿ.; ಮೀರಿದ ಪ್ರತಿ ಜಿ.ಬಿ.ಗೆ ರೂ. 10.
ಆ) ಮಾಸಿಕ ರೂ. 900, ಮಿತಿ 300 ಜಿ.ಬಿ.

150 ಜಿ.ಬಿ. ಬಳಕೆಗೆ 'ಅ' ಯೋಜನೆಯ ವೆಚ್ಚ ರೂ. 1,100, 'ಆ' ಯೋಜನೆಯದು ರೂ. 900. ಅಗ್ಗವೆಂದು ಕಂಡದ್ದೇ ದುಬಾರಿಯಾಯಿತು. ಆದರೆ ಚಿತ್ರಗಳ ಗಾತ್ರವನ್ನು ತಗ್ಗಿಸಿ ಪುಟವನ್ನು 1 ಎಂ.ಬಿ.ಗೆ ಇಳಿಸಿದರೆ ಬಳಕೆ 75 ಜಿ.ಬಿ. ಮಾತ್ರ, ಆಗ 'ಅ' ಯೋಜನೆಯೇ ರೂ. 300ರಷ್ಟು ಲಾಭದಾಯಕ. ದರದ ಚೌಕಾಸಿಗೆ ಮುನ್ನ ಸ್ವಂತ ಬಳಕೆಯನ್ನು ಅಳೆಯಬೇಕೆಂಬುದಕ್ಕೆ ಇದೇ ಕಾರಣ.

'ಅಪರಿಮಿತ' ಎಂಬ ಮಾತು

ಅಪರಿಮಿತ ಬ್ಯಾಂಡ್‌ವಿಡ್ತ್ ಎಂದು ಘೋಷಿಸುವ ಯೋಜನೆಗಳ ಕರಾರಿನಲ್ಲಿಯೂ ಸಾಮಾನ್ಯವಾಗಿ 'ನ್ಯಾಯೋಚಿತ ಬಳಕೆ'ಯ ಷರತ್ತು ಇರುತ್ತದೆ. ಪ್ರೊಸೆಸರ್, ಮೆಮೊರಿ, ಏಕಕಾಲದ ಸಂಪರ್ಕಗಳ ಸಂಖ್ಯೆ ಇವುಗಳಿಗೆ ಮಿತಿ ಇದ್ದಲ್ಲಿ, ಬ್ಯಾಂಡ್‌ವಿಡ್ತ್ ಉಳಿದಿದ್ದರೂ ತಾಣ ನಿಧಾನವಾಗಬಹುದು.

ತೆರಿಗೆಯ ಅಂಶ

ಹೋಸ್ಟಿಂಗ್ ಸೇವೆಗೆ ಶೇ. 18ರ ಜಿ.ಎಸ್‌.ಟಿ. ಅನ್ವಯಿಸುತ್ತದೆ. ತೆರಿಗೆಗೆ ಒಳಪಟ್ಟ ವ್ಯವಹಾರಕ್ಕೆ ಬಳಸುವ ನೋಂದಾಯಿತ ವರ್ತಕರು ನಿಯಮಾನುಸಾರ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಅದು ಪೂರ್ಣ ವೆಚ್ಚವೇ ಸರಿ. ನೋಂದಾಯಿತರು ವಿದೇಶಿ ಸಂಸ್ಥೆಯಿಂದ ಸೇವೆ ಪಡೆದರೆ ರಿವರ್ಸ್ ಚಾರ್ಜ್ ಅನ್ವಯ ತೆರಿಗೆಯನ್ನು ತಾವೇ ನಗದಾಗಿ ಪಾವತಿಸಬೇಕು. ತೆರಿಗೆಯಿಲ್ಲದ ವಿದೇಶಿ ದರವನ್ನು ತೆರಿಗೆ ಸಹಿತ ದೇಶೀಯ ದರದೊಂದಿಗೆ ಹೋಲಿಸುವುದು ತಪ್ಪು.

ಕರಾರಿಗೆ ಮುನ್ನ ಲಿಖಿತವಾಗಿ ಪಡೆಯಬೇಕಾದ ವಿವರಗಳು:

1. ಮಾಸಿಕ ಮಿತಿ ಹಾಗೂ ಮೀರಿದಾಗಿನ ದರ.
2. ಮಿತಿ ಮೀರಿದರೆ ತಾಣ ನಿಲ್ಲುವುದೋ, ಬಿಲ್ ಏರುವುದೋ.
3. ರಿಯಾಯಿತಿ ಅವಧಿ ಮುಗಿದ ನಂತರದ ನವೀಕರಣ ದರ.

ಮೂರು ವರ್ಷಗಳ ಒಟ್ಟು ವೆಚ್ಚವನ್ನು ಒಂದೇ ಹಾಳೆಯಲ್ಲಿ ಬರೆದು ನೋಡಿದ ಬಳಿಕವೇ ನಿರ್ಧರಿಸುವುದು ಲೇಸು.