ಮೊದಲು ಆರೈಕೆ, ಆಮೇಲೆ ಅಲಂಕಾರ

ಬಾರಾನಗರದಿಂದ ಬರೆದ ಓದುಗರೇ,

ಬಿ.ಟಿ. ರೋಡಿನ ಮಳೆನೀರಲ್ಲಿ ನಿಂತುಹೋದ ನಿಮ್ಮ ಹಿಮಾಲಯನ್ 411 ಬೈಕಿಗೆ ಸದ್ಯಕ್ಕೆ ಫಾಗ್ ಲೈಟ್ ಹಾಕಿಸುವ ಆತುರ ಬೇಡ. ಮೊದಲು ಎಂಜಿನ್ ಆಯಿಲ್ ನೋಡಿ. ಅದು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆ. ಸ್ಟಾರ್ಟ್ ಮಾಡಲೇಬೇಡಿ, ಮೆಕ್ಯಾನಿಕ್‌ಗೆ ತೋರಿಸಿ. ಏರ್ ಫಿಲ್ಟರ್ ಒದ್ದೆಯಾಗಿದ್ದರೆ ಬದಲಿಸಿ.

ಚೈನನ್ನು ಸೀಮೆಎಣ್ಣೆಯಿಂದ ತೊಳೆದು, ಒರೆಸಿ, ಲ್ಯೂಬ್ ಹಚ್ಚಿ. ತಂತಿ ಬ್ರಷ್ ಮುಟ್ಟಿಸಬೇಡಿ, ಚೈನಿನ ಓ-ರಿಂಗ್ ಹರಿಯುತ್ತದೆ. ಮಳೆಗಾಲದಲ್ಲಿ 500 ಕಿ.ಮೀ.ಗೊಮ್ಮೆ ಈ ಕೆಲಸ ತಪ್ಪಿಸಬೇಡಿ.

ಇನ್ನು ಲೈಟು. 55 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ 9 ಆಂಪಿಯರ್‌ಗೂ ಹೆಚ್ಚು ಎಳೆಯುತ್ತವೆ. ಬ್ಯಾಟರಿಗೆ ಅದು ಭಾರ. ಎಲ್‌ಇಡಿಯೇ ಲೇಸು. ರಿಲೇ, ಫ್ಯೂಸ್ ಎರಡೂ ಇರಲಿ. ಹೆಡ್‌ಲೈಟ್ ವೈರ್ ಕತ್ತರಿಸಿ ಜೋಡಿಸಲು ಯಾರಿಗೂ ಬಿಡಬೇಡಿ. ಇಷ್ಟಾದ ಮೇಲೆ ಡಾರ್ಜಿಲಿಂಗ್ ಘಾಟಿಗೆ ಧೈರ್ಯವಾಗಿ ಹೊರಡಿ.