ಅಂಕಿತ: ಕವಿತೆಯೊಳಗಿನ ‘ನಾನು’ ಯಾರು?

ಹತ್ತನೆಯ ತರಗತಿಯಲ್ಲಿ ಓದುವ ಮಗಳು ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಾಲ್ಕು ಸಾಲು ಬರೆದಿಟ್ಟಿರುತ್ತಾಳೆ. ಅದು ತಾಯಿಯ ಕಣ್ಣಿಗೆ ಬೀಳುತ್ತದೆ. “ಏನೇ ಇದು? ನಿನಗೇನು ಅಂಥಾ ದುಃಖ ಬಂದಿದೆ?” ಎಂದು ತಾಯಿ ಗದರುತ್ತಾರೆ, ತಂದೆ ನಗುತ್ತಾರೆ. ಮರುದಿನ ಆ ಹಾಳೆ ನೋಟ್‌ಬುಕ್ಕಿನಲ್ಲಿ ಇರುವುದಿಲ್ಲ.

ಹೊಸಪೇಟೆಯಂಥ ಊರಿನಲ್ಲಿ ಇದರ ಜೊತೆಗೆ ಇನ್ನೊಂದು ತೊಡಕೂ ಇದೆ. ಅಣೆಕಟ್ಟು, ಗಣಿ, ಕಾರ್ಖಾನೆಗಳ ಕೆಲಸಕ್ಕೆಂದು ಬೇರೆ ಬೇರೆ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳು ಇಲ್ಲಿವೆ. ಮನೆಯಲ್ಲಿ ಜಪಸರ ತಮಿಳಿನಲ್ಲಿಯೋ ತೆಲುಗಿನಲ್ಲಿಯೋ ನಡೆದರೆ, ಮಗಳು ಕವಿತೆ ಬರೆಯುವುದು ಕನ್ನಡದಲ್ಲಿ. “ಅದು ನಮ್ಮ ಭಾಷೆಯೇ ಅಲ್ಲವಲ್ಲ, ನಿನ್ನ ಮನಸ್ಸಿನ ಮಾತು ಅದರಲ್ಲಿ ಹೇಗೆ ಬಂತು?” ಎಂದು ಅಜ್ಜಿ ಕೇಳಿದರೆ ಅವಳ ಬಳಿ ಉತ್ತರವಿರುವುದಿಲ್ಲ.

ಕವಿತೆ ಎಂದರೇನು? ಅದರಲ್ಲಿ ‘ನಾನು’ ಎನ್ನುವವರು ಯಾರು? ಇದನ್ನು ವಿಚಾರಿಸಲು ದೂರ ಹೋಗಬೇಕಾಗಿಲ್ಲ. ಹೊಸಪೇಟೆಯಿಂದ ಹಂಪೆ ಸುಮಾರು 13 ಕಿ.ಮೀ.

ಕ್ರಿ.ಶ. 941ರಲ್ಲಿ ಆದಿಕವಿ ಪಂಪನು ತನ್ನ ಭಾರತ ಕಥೆಯಲ್ಲಿ ಆಶ್ರಯದಾತ ಅರಿಕೇಸರಿಯನ್ನೇ ಅರ್ಜುನನೊಡನೆ ಸಮೀಕರಿಸಿದನು. ಅಂದಿನ ಕಾವ್ಯಕ್ಕೆ ಅರಸನ ಹೆಸರು ಬೇಕಾಗಿತ್ತು. (ಪಂಪನ ಪೂರ್ವಿಕರು ವೆಂಗಿ ನಾಡಿನವರು ಎಂಬುದನ್ನು ಆ ಅಜ್ಜಿಗೆ ಹೇಳಬಹುದು.) ಕ್ರಿ.ಶ. 1200ರ ಸುಮಾರಿಗೆ ಹಂಪೆಯ ಹರಿಹರ ಈ ಪದ್ಧತಿಯನ್ನು ಮುರಿದನು. ಅವನು ಹೊಯ್ಸಳರ ದೋರಸಮುದ್ರದಲ್ಲಿ ಕರಣಿಕನಾಗಿದ್ದು, ಆ ಲೆಕ್ಕಪತ್ರದ ಕೆಲಸವನ್ನು ಬಿಟ್ಟು ಹಂಪೆಗೆ ಬಂದನೆಂದು ಪರಂಪರೆ ಹೇಳುತ್ತದೆ. ಮನುಷ್ಯರನ್ನು ಹೊಗಳಿ ಹಾಡುವುದಿಲ್ಲ, ವಿರೂಪಾಕ್ಷನನ್ನೂ ಅವನ ಶರಣರನ್ನೂ ಮಾತ್ರ ಹಾಡುತ್ತೇನೆ ಎಂಬುದು ಅವನ ಹಟ. ಅದಕ್ಕಾಗಿ ಪಂಡಿತರ ಭಾರವಾದ ಚಂಪುವನ್ನು ಬದಿಗಿಟ್ಟು, ಓಡುವ ನೀರಿನಂಥ ರಗಳೆಯನ್ನು ಆರಿಸಿಕೊಂಡನು. ಕುಂಬಾರ ಗುಂಡಯ್ಯ, ಮಾದಾರ ಚೆನ್ನಯ್ಯ, ಬೇಡರ ಕಣ್ಣಪ್ಪ ಇವರೆಲ್ಲ ಅವನ ಕಾವ್ಯದ ನಾಯಕರಾದರು. ಅವನು ಹಾಡಿದ ಶರಣರಲ್ಲಿ ಅನೇಕರು ತಮಿಳು ನಾಡಿನವರು. ಅವರ ಕಥೆ ಹಂಪೆಯಲ್ಲಿ ಕನ್ನಡವಾಯಿತು, ಅದರಿಂದ ಯಾರ ಸ್ವಂತಿಕೆಗೂ ಕುಂದು ಬರಲಿಲ್ಲ.

ಹರಿಹರನ ಸೋದರಳಿಯ ರಾಘವಾಂಕ. ಮಾವನೇ ಅವನಿಗೆ ಗುರು. ಆದರೆ ಅಳಿಯ ಬರೆದದ್ದು ಸತ್ಯಕ್ಕಾಗಿ ರಾಜ್ಯವನ್ನೂ ಹೆಂಡತಿ ಮಗನನ್ನೂ ಕಳೆದುಕೊಂಡ ಅರಸ ಹರಿಶ್ಚಂದ್ರನ ಕಥೆಯನ್ನು, ಅದೂ ರಗಳೆಯನ್ನು ಬಿಟ್ಟು ಷಟ್ಪದಿಯಲ್ಲಿ. ಮನುಷ್ಯನನ್ನು ಕುರಿತು ಹಾಡಿದನಲ್ಲ ಎಂದು ಮಾವನಿಗೆ ಸಿಟ್ಟು ಬಂದು, ಹೊಡೆದು ಅಳಿಯನ ಹಲ್ಲು ಉದುರಿಸಿದನಂತೆ. ಶಿವಶರಣರನ್ನು ಹಾಡಿದ ಮೇಲೆ ಹಲ್ಲು ಮತ್ತೆ ಬಂದವಂತೆ. ಇದು ದಂತಕಥೆ. ಆದರೂ ಮನೆಮನೆಯಲ್ಲಿ ನಡೆಯುವ ಮಾತು ಅದರಲ್ಲಿದೆ. ನಾವು ಮಕ್ಕಳಿಗೆ ಹಾಡಲು ಕಲಿಸುತ್ತೇವೆ, ಆಮೇಲೆ ಅವರು ನಮ್ಮ ಹಾಡನ್ನೇ ಹಾಡಬೇಕೆಂದು ಬಯಸುತ್ತೇವೆ. ರಾಘವಾಂಕ ಮಾವನ ಭಕ್ತಿಯನ್ನು ತೊರೆಯಲಿಲ್ಲ, ಮಾವನ ದನಿಯನ್ನು ಎರವಲು ಪಡೆಯಲೂ ಇಲ್ಲ. ಹಲ್ಲು ಮುರಿಸಿದ ಆ ಹರಿಶ್ಚಂದ್ರಕಾವ್ಯವನ್ನೇ ಇಂದಿಗೂ ಕನ್ನಡಿಗರು ಅವನ ಶ್ರೇಷ್ಠ ಕೃತಿ ಎನ್ನುತ್ತಾರೆ. ನನ್ನ ಮಟ್ಟಿಗೆ ಅಳಿಯನ ಕಡೆಗೇ ನ್ಯಾಯವಿದೆ.

ಈಗ ಹಂಪೆಯ ಹೊಳೆದಂಡೆಗೆ ಬನ್ನಿ. ವಿಠಲ ದೇವಾಲಯದ ಸಮೀಪ ತುಂಗಭದ್ರೆಯ ದಡದಲ್ಲಿ ಪುರಂದರದಾಸರ ಮಂಟಪವಿದೆ. ಶ್ರೀನಿವಾಸ ನಾಯಕ ಎಂಬ ಸಿರಿವಂತ ವ್ಯಾಪಾರಿ ಎಲ್ಲವನ್ನೂ ಬಿಟ್ಟು ವ್ಯಾಸರಾಯರ ಶಿಷ್ಯನಾಗಿ ದಾಸನಾದನೆಂಬ ಕಥೆ ನಮಗೆಲ್ಲ ಗೊತ್ತು. ಅವರ ಹಾಡುಗಳ ಕೊನೆಯಲ್ಲಿ ಶ್ರೀನಿವಾಸ ನಾಯಕ ಎಂಬ ಹೆಸರಿಲ್ಲ. ‘ಪುರಂದರ ವಿಠಲ’ ಎಂದಿದೆ. ಇದನ್ನು ಅಂಕಿತ ಎನ್ನುತ್ತಾರೆ. ಕವಿ ಸಹಿ ಮಾಡುವ ಜಾಗದಲ್ಲಿ ತನ್ನ ದೇವರ ಹೆಸರನ್ನು ಇಡುತ್ತಾನೆ. ಕನಕದಾಸರು ಕಾಗಿನೆಲೆಯ ಆದಿಕೇಶವನ ಹೆಸರಿಟ್ಟರು, ಅದರೊಡನೆ ಆ ಊರೂ ಹಾಡಿನಲ್ಲಿ ಉಳಿಯಿತು. ಅವರಿಗಿಂತ ಸುಮಾರು ನಾಲ್ಕು ಶತಮಾನ ಮೊದಲೇ ವಚನಕಾರರೂ ಹೀಗೆಯೇ ಮಾಡಿದ್ದರು. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ಕೆಲವು ವಚನಗಳಲ್ಲಿ ಬರೆದವರ ಹೆಸರು ಅಳಿದು ಅಂಕಿತ ಮಾತ್ರ ಉಳಿದಿದೆ.

ಆಶ್ಚರ್ಯವೆಂದರೆ, ತನ್ನ ಹೆಸರನ್ನು ಬದಿಗಿಟ್ಟ ಕವಿಯನ್ನೇ ನಾವು ಆ ಅಂಕಿತದಿಂದ ಗುರುತಿಸುತ್ತೇವೆ. ಅಕ್ಕನ ‘ನಾನು’ ಬಸವಣ್ಣನವರ ‘ನಾನು’ ಅಲ್ಲವೆಂದು ಎರಡು ವಚನ ಕೇಳಿದವನಿಗೂ ತಿಳಿಯುತ್ತದೆ. ಯಾರನ್ನು ಕರೆದು, ಯಾವ ದನಿಯಲ್ಲಿ ಮಾತಾಡುತ್ತಾರೋ ಅದರಲ್ಲಿಯೇ ಅವರ ವ್ಯಕ್ತಿತ್ವ ಪ್ರಕಟವಾಗುತ್ತದೆ. ಪಡಿತರ ಚೀಟಿಯಲ್ಲಿರುವ ಹೆಸರು, ವಯಸ್ಸು, ವಿಳಾಸಗಳನ್ನು ಯಾವ ಮಾತಿನಲ್ಲಾದರೂ ಹೇಳಬಹುದು. ಕವಿತೆಯ ಮಾತನ್ನು ಬದಲಿಸಿದರೆ ಹೇಳಿದ ವಿಷಯವೂ ಹೇಳಿದವರೂ ಬದಲಾಗುತ್ತಾರೆ. ಕವಿತೆ ಎಂದರೇನು ಎಂಬುದಕ್ಕೆ ನಾನು ಕೊಡಬಲ್ಲ ಉತ್ತರ ಇಷ್ಟೇ.

ಹಾಡಿನ ‘ನಾನು’ ಕೆಲವೊಮ್ಮೆ ಇಡೀ ಊರಿನದು. ಸುಮಾರು 1327ರಲ್ಲಿ ದೆಹಲಿಯ ಸೈನ್ಯಕ್ಕೆ ಕಂಪ್ಲಿಯ ರಾಜ್ಯ ಬಿದ್ದುಹೋಯಿತು. ಆದರೆ ಕಂಪಿಲರಾಯನ ಮಗ ಕುಮಾರರಾಮ ಜನರ ಹಾಡಿನಲ್ಲಿ ಉಳಿದನು. ಸಂಡೂರಿನ ತಾಂಡಾಗಳಲ್ಲಿ ಲಂಬಾಣಿ ತಾಯಂದಿರು ಮದುವೆಗೂ ಹಬ್ಬಕ್ಕೂ ಹಾಡುತ್ತಾರೆ. ಅವರ ಭಾಷೆಗೆ ತನ್ನದೇ ಆದ ಲಿಪಿಯಿಲ್ಲ, ತಾವು ಯಾರೆಂಬುದನ್ನು ಬಹುಕಾಲ ಅವರು ಹಾಡಿನಲ್ಲಿಯೇ ಕಾಪಾಡಿಕೊಂಡು ಬಂದಿದ್ದಾರೆ.

ನಮ್ಮ ಬೈಬಲಿನ 150 ಕೀರ್ತನೆಗಳೂ ಕವಿತೆಗಳೇ. ಅಲ್ಲಿಯೂ ಒಬ್ಬನ ‘ನಾನು’ ಎಷ್ಟೋ ತಲೆಮಾರುಗಳ ಬಾಯಿಗೆ ಬಂದಿದೆ. ಶಿಲುಬೆಯ ಮೇಲೆ, ತಮ್ಮ ಅತ್ಯಂತ ಸ್ವಂತವಾದ ನೋವಿನ ಗಳಿಗೆಯಲ್ಲಿ, ಪ್ರಭು ಯೇಸು ಕೂಗಿ ಹೇಳಿದ್ದು 22ನೆಯ ಕೀರ್ತನೆಯ ಮೊದಲ ಮಾತುಗಳನ್ನು (ಮಾರ್ಕ 15:34). ಯಾರೋ ಹಿರಿಯರು ಹಾಡಿಟ್ಟ ಮಾತು ಅಲ್ಲಿ ಪೂರ್ಣವಾಗಿ ಅವರದಾಯಿತು.

ಈ ವಾರ ಮನೆಯಲ್ಲಿ ಒಂದು ಸಣ್ಣ ಕೆಲಸ ಮಾಡಿ ನೋಡಿ. ರಾತ್ರಿಯ ಜಪ ಮುಗಿದ ಮೇಲೆ ಎಲ್ಲರೂ ನಾಲ್ಕು ಸಾಲು ಬರೆಯಿರಿ, ಅಜ್ಜಿಗೆ ಬಂದ ಭಾಷೆಯಲ್ಲಿ ಅಜ್ಜಿ ಹೇಳಲಿ, ಮೊಮ್ಮಗಳು ಬರೆದುಕೊಳ್ಳಲಿ. ‘ನಾನು’ ಎಂಬ ಪದವನ್ನು ಬಳಸದೆ, ಒಬ್ಬರನ್ನು ಹೆಸರಿಡಿದು ಕರೆದು ಬರೆಯಿರಿ: ದೇವರನ್ನು, ತೀರಿಹೋದ ತಾತನನ್ನು, ಕಾಲುವೆಯ ನೀರನ್ನಾದರೂ ಸರಿ. ಬಳಿಕ ಕಾಗದಗಳನ್ನು ಕಲಸಿ ಗಟ್ಟಿಯಾಗಿ ಓದಿ. ಯಾವುದು ಯಾರದೆಂದು ಮನೆಯವರು ಹೇಳಲಿ. ಆದರೆ ಮಗಳ ನೋಟ್‌ಬುಕ್ಕನ್ನು ಅವಳು ತಾನಾಗಿ ಕೊಟ್ಟರೆ ಮಾತ್ರ ತೆರೆಯಿರಿ.