ಆಯಾಸವೂ ಆಕಾಶಯಾನವೂ

ಪರೇಲಿನಲ್ಲಿ ಬೆಳೆಯುವ ನಮಗೆ ರಾತ್ರಿಪಾಳಿಯೆಂಬ ಮಾತು ಹೊಸತಲ್ಲ. ೧೯೮೨ರ ಮುಷ್ಕರಕ್ಕೆ ಮೊದಲು ಇಲ್ಲಿನ ಬಟ್ಟೆಯ ಗಿರಣಿಗಳು ಹಗಲಿರುಳೂ ನಡೆಯುತ್ತಿದ್ದವು. ಕೆ. ಇ. ಎಂ. ಆಸ್ಪತ್ರೆಯ ದಾದಿಯರು ಇಂದಿಗೂ ಇರುಳೆಲ್ಲ ಎಚ್ಚರವಿದ್ದು ದುಡಿಯುತ್ತಾರೆ. ನಿದ್ದೆಗೆಟ್ಟವನ ಕಣ್ಣು, ಕೈ, ಬುದ್ಧಿಗಳು ಹೇಗೆ ಜಡವಾಗುವುವೆಂಬುದನ್ನು ನಮ್ಮ ಹಿರಿಯರು ಬಲ್ಲರು. ಇದೇ ಆಯಾಸವು ವಿಮಾನ ನಡೆಸುವವನನ್ನು ಆವರಿಸಿದರೆ ಏನಾದೀತೆಂಬುದನ್ನು ಈಗ ವಿಚಾರಿಸೋಣ.

ವಿಮಾನಯಾನದಲ್ಲಿ ಬಹಳ ಎಚ್ಚರವನ್ನು ಬೇಡುವ ಘಟ್ಟವೆಂದರೆ ನೆಲಕ್ಕಿಳಿಯುವುದು. ಎತ್ತರ, ವೇಗ, ದಿಕ್ಕು, ಗಾಳಿ ಇವೆಲ್ಲವನ್ನೂ ಚಾಲಕನು ಏಕಕಾಲದಲ್ಲಿ ಗಮನಿಸಬೇಕು. ದೊಡ್ಡ ವಿಮಾನವು ಸಾಮಾನ್ಯವಾಗಿ ೩ ಡಿಗ್ರಿಯ ಇಳಿಜಾರಿನಲ್ಲಿ ಬಂದು, ರನ್‌ವೇಯ ಮೊದಲ ಭಾಗದಲ್ಲಿಯೇ ನೆಲ ಮುಟ್ಟಬೇಕು. ಎತ್ತರವೋ ವೇಗವೋ ಮಿತಿಮೀರಿದ್ದರೆ ಅದು ಬಹುದೂರ ಸಾಗಿದ ಮೇಲೆ ನೆಲ ಮುಟ್ಟುತ್ತದೆ. ಆಗ ನಿಲ್ಲಲು ಸ್ಥಳ ಸಾಲದು. ಇಂಥ ಸಂದರ್ಭದಲ್ಲಿ ಇಳಿಯುವ ಯತ್ನವನ್ನು ಬಿಟ್ಟು, ಮತ್ತೆ ಮೇಲೇರಿ, ಸುತ್ತಿ ಬಂದು ಇಳಿಯಬೇಕೆಂಬುದು ನಿಯಮ.

ಈ ನಿಯಮವನ್ನು ಮೀರಿದುದರ ಫಲವನ್ನು ಕನ್ನಡ ನಾಡು ಕಣ್ಣಾರೆ ಕಂಡಿದೆ. ೨೦೧೦ರ ಮೇ ೨೨ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜ್ಪೆಯಲ್ಲಿ ಇಳಿಯಿತು. ಅಲ್ಲಿನ ನಿಲ್ದಾಣವು ಗುಡ್ಡದ ನೆತ್ತಿಯ ಮೇಲಿದೆ. ೨,೪೫೦ ಮೀಟರು ಉದ್ದದ ರನ್‌ವೇಯಲ್ಲಿ ಸುಮಾರು ೧,೬೦೦ ಮೀಟರು ಕಳೆದ ಮೇಲೆ ವಿಮಾನವು ನೆಲ ಮುಟ್ಟಿತು. ಉಳಿದ ದೂರದಲ್ಲಿ ನಿಲ್ಲಲಾರದೆ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. ಅದರಲ್ಲಿದ್ದ ೧೬೬ ಜನರಲ್ಲಿ ಉಳಿದವರು ಎಂಟೇ ಮಂದಿ.

ವಿಮಾನದ ಧ್ವನಿಮುದ್ರಕದಲ್ಲಿ ೨ ಗಂಟೆ ೫ ನಿಮಿಷಗಳ ಮುದ್ರಣವಿದ್ದಿತು. ಅದರ ಮೊದಲ ೧ ಗಂಟೆ ೪೦ ನಿಮಿಷಗಳ ಕಾಲ ಮುಖ್ಯ ಚಾಲಕರು ನಿದ್ರಿಸುತ್ತಿದ್ದರೆಂದು ವಿಚಾರಣಾ ಮಂಡಳಿಯು ಕಂಡುಕೊಂಡಿತು. ಗಾಢನಿದ್ರೆಯಿಂದ ಎದ್ದೊಡನೆ ಮನುಷ್ಯನ ಬುದ್ಧಿ ಪೂರ್ಣವಾಗಿ ಎಚ್ಚರಗೊಳ್ಳುವುದಿಲ್ಲ. ಕೆಲಕಾಲ ಮಂಕು ಕವಿದಿರುತ್ತದೆ. ಅದರಲ್ಲಿಯೂ ರಾತ್ರಿ ಎರಡರಿಂದ ಮುಂಜಾನೆ ಆರರವರೆಗೆ ದೇಹವು ಸ್ವಭಾವತಃ ನಿದ್ರೆಯನ್ನೇ ಬಯಸುತ್ತದೆ. ಇದು ಸೋಮಾರಿತನವಲ್ಲ, ಶರೀರಧರ್ಮ.

ಸಹಚಾಲಕರು ಎಚ್ಚರವಾಗಿಯೇ ಇದ್ದರು. ಮತ್ತೆ ಮೇಲೇರಬೇಕೆಂದು ಅವರು ಮೂರು ಸಲ ಹೇಳಿದರು. ಯಂತ್ರವೂ ಎಚ್ಚರಿಕೆಯ ದನಿಯನ್ನು ಕೊಟ್ಟಿತು. ಆದರೂ ಮುಖ್ಯ ಚಾಲಕರು ಇಳಿಯುವ ಯತ್ನವನ್ನು ಬಿಡಲಿಲ್ಲ. ಸಹಚಾಲಕನು ತಾನೇ ವಿಮಾನವನ್ನು ಮೇಲೇರಿಸಬಹುದೇ ಎಂಬ ವಿಷಯದಲ್ಲಿ ಅಂದಿನ ಸೂಚನೆಗಳು ಸ್ಪಷ್ಟವಾಗಿರಲಿಲ್ಲವೆಂಬುದನ್ನೂ ಮಂಡಳಿಯು ಗುರುತಿಸಿತು. ಆದುದರಿಂದ ‘ಮಾನವದೋಷ’ವೆಂದು ಒಬ್ಬನನ್ನು ದೂಷಿಸಿ ಸುಮ್ಮನಾಗಲಾಗದು. ದುಡಿಮೆಯ ವೇಳೆ, ವಿಶ್ರಾಂತಿ, ನಿಯಮ, ಶಿಕ್ಷಣ ಇವೆಲ್ಲವೂ ಆ ದೋಷದ ಹಿಂದೆ ನಿಂತಿರುತ್ತವೆ. ೨೦೨೪ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಚಾಲಕರ ವಾರದ ವಿಶ್ರಾಂತಿಯನ್ನು ೩೬ರಿಂದ ೪೮ ಗಂಟೆಗಳಿಗೆ ಏರಿಸುವ ನಿಯಮವನ್ನು ಹೊರಡಿಸಿದುದು ಈ ದೃಷ್ಟಿಯಿಂದಲೇ.

ದೊಡ್ಡ ವಿಮಾನದಲ್ಲಿ ಎಚ್ಚರಿಸಲು ಇನ್ನೊಬ್ಬರಾದರೂ ಇರುತ್ತಾರೆ. ಸಣ್ಣ ವಿಮಾನಗಳಲ್ಲಿ ಅನೇಕವೇಳೆ ಚಾಲಕನು ಒಬ್ಬನೇ. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಂಚೆಯನ್ನು ತಂದು ನಮ್ಮ ಜುಹುವಿನಲ್ಲಿ ಇಳಿದಾಗ ಅವರೊಡನೆ ಬೇರೆ ಚಾಲಕರಿರಲಿಲ್ಲ. ಏಕಾಕಿಯಾಗಿ ಹಾರುವವನು ನೆಲ ಬಿಡುವ ಮೊದಲೇ ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕು. ಕಾಯಿಲೆ, ಔಷಧಿ, ಮನಃಕ್ಲೇಶ, ಮದ್ಯ, ಆಯಾಸ, ಆಹಾರ ಎಂಬ ಆರು ವಿಷಯಗಳನ್ನು ಕುರಿತು ಪ್ರಶ್ನಿಸಿಕೊಳ್ಳುವಂತೆ ವೈಮಾನಿಕರಿಗೆ ಕಲಿಸುವುದುಂಟು. ಒಂದರಲ್ಲಿ ಸಂದೇಹವಿದ್ದರೂ ಅಂದು ಹಾರದಿರುವುದೇ ಲೇಸು.

ಗೆಳೆಯರೇ, ನಮ್ಮಲ್ಲಿ ಕೆಲವರು ಮುಂದೆ ವೈಮಾನಿಕರಾಗಬಹುದು. ಕೆಲವರು ರೈಲು ನಡೆಸಬಹುದು, ರೋಗಿಗಳ ಶುಶ್ರೂಷೆ ಮಾಡಬಹುದು. ಯಾವ ಉದ್ಯೋಗವಾದರೂ ಸರಿ, ದಣಿದಾಗ ‘ದಣಿದಿದ್ದೇನೆ’ ಎಂದು ಹೇಳಲು ನಾಚಬಾರದು. ಕಿರಿಯನು ತಪ್ಪನ್ನು ಕಂಡರೆ ಅಂಜದೆ ಹೇಳಬೇಕು. ಹಿರಿಯನು ಅದನ್ನು ಕಿವಿಗೊಟ್ಟು ಕೇಳಬೇಕು. ಒಮ್ಮೆ ಹಿಂದಿರುಗಿ ಸುತ್ತಿ ಬರುವುದರಿಂದ ಹೋಗುವುದು ಹತ್ತಾರು ನಿಮಿಷಗಳು. ಉಳಿಯುವುದು ನೂರಾರು ಪ್ರಾಣಗಳು.